ಕೊಡಗಿನ ಕಪಾಟಿಗೆ ಹಳೆಯ ಸೂಪರ್‌ಹೀರೋ ಕಾಮಿಕ್ಸ್: ಮರುಮುದ್ರಣ ಆರಿಸುವುದು, ಉಳಿಸಿಕೊಳ್ಳುವುದು

ಹಳೆಯ ಸಂಚಿಕೆಗಳನ್ನು ಒಟ್ಟಿಗೆ ಕಟ್ಟಿದ ಸಾವಿರ ಪುಟದ ಸಂಪುಟ, ಅಂದರೆ ಓಮ್ನಿಬಸ್, ಕೈಗೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಹೊಳಪು. ದಪ್ಪ ರಟ್ಟು, ನುಣುಪು ಕಾಗದ, ಕಣ್ಣು ಕುಕ್ಕುವ ಕೆಂಪು. ಈ ಹೊಳಪು ನೋಡಿ ಮುದ್ರಣ ಚೆನ್ನಾಗಿದೆ ಎಂದುಕೊಂಡರೆ ಅರ್ಧದಷ್ಟು ಸಲ ಮೋಸ ಹೋಗುತ್ತೀರಿ. ಗೆರೆ ಎಲ್ಲಿಂದ ಬಂದಿದೆ, ಬಣ್ಣ ಹೇಗೆ ತುಂಬಿದ್ದಾರೆ, ಕಾಗದ ಯಾವುದು, ಬೆನ್ನಿಗೆ ಹೊಲಿಗೆಯಿದೆಯೋ ಬರೀ ಅಂಟೋ ಎಂಬುದನ್ನು ಒಂದೊಂದಾಗಿ ನೋಡಬೇಕು. ಬೆಂಗಳೂರಿನ ಓದುಗರು ಕಾಗದವನ್ನು ಬಣ್ಣಕ್ಕಾಗಿ ಆರಿಸಿದರೆ ಸಾಕು. ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆ ಕಡೆಯವರು ಮಳೆಯನ್ನೂ ಲೆಕ್ಕಕ್ಕೆ ಹಿಡಿದು ಆರಿಸಬೇಕು.

ಮೂಲ ಹೇಗಿತ್ತು

1930ರ ದಶಕದ ಕೊನೆಯಿಂದ 1980ರ ದಶಕದವರೆಗೆ ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಬಹುಪಾಲು ಅಚ್ಚಾದದ್ದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ಕಪ್ಪು ಗೆರೆಯ ಜೊತೆಗೆ ಮೂರು ಶಾಯಿ: ಹಳದಿ, ಮಜೆಂಟಾ (ಗುಲಾಬಿಗೆಂಪು), ಸಯಾನ್ (ತಿಳಿನೀಲಿ). ಒಂದೊಂದಕ್ಕೂ ಖಾಲಿ, ಶೇ 25, ಶೇ 50, ಪೂರ್ತಿ ಎಂಬ ನಾಲ್ಕೇ ಹಂತ. ಮೂರನ್ನೂ ಬೆರೆಸಿದರೆ ಒಟ್ಟು 64 ಬಣ್ಣ. ತಿಳಿಬಣ್ಣಗಳೆಲ್ಲ ಸಣ್ಣ ಸಣ್ಣ ಚುಕ್ಕಿಗಳು.

ನ್ಯೂಸ್‌ಪ್ರಿಂಟ್ ಬಿಳಿಯಲ್ಲ, ಮಾಸಲು ಕಂದು. ಶಾಯಿಯನ್ನು ಅದು ಹೀರುತ್ತದೆ, ಚುಕ್ಕಿ ಹರಡಿಕೊಳ್ಳುತ್ತದೆ. ಹಾಗಾಗಿ ಪೂರ್ತಿ ಕೊಟ್ಟ ಕೆಂಪು ಕೂಡ ಅಲ್ಲಿ ಹೆಂಚಿನ ಕೆಂಪಾಗಿ ತಣ್ಣಗೆ ಕಾಣುತ್ತಿತ್ತು. ಬಣ್ಣ ಗುರುತು ಹಾಕುವವರಿಗೆ ಇದು ಗೊತ್ತಿತ್ತು, ಅದಕ್ಕೆ ತಕ್ಕಂತೆ ಗಾಢವಾಗಿಯೇ ಕೊಡುತ್ತಿದ್ದರು. ಅದೇ ಲೆಕ್ಕದ ಬಣ್ಣವನ್ನು ಇವತ್ತಿನ ಬೆಳ್ಳನೆಯ ಆರ್ಟ್ ಪೇಪರ್ ಮೇಲೆ ಹಾಗೇ ಸುರಿದರೆ ಕಿರುಚುತ್ತದೆ. ಎಷ್ಟೋ ದುಬಾರಿ ಸಂಪುಟಗಳಲ್ಲಿ ಹಿನ್ನೆಲೆಯ ಹಳದಿ ಮುಂದೆ ನಿಂತು ಪಾತ್ರದ ಮುಖ ಹಿಂದೆ ಸರಿಯುವುದು ಈ ಕಾರಣಕ್ಕೆ. ಅಚ್ಚು ಹಾಕಿದವರು ಉದಾಸೀನ ಮಾಡಿರಲಿಕ್ಕಿಲ್ಲ, ಕಾಗದ ಬದಲಾದಾಗ ಬಣ್ಣದ ಲೆಕ್ಕವೂ ಬದಲಾಗಬೇಕಿತ್ತು, ಅಷ್ಟೆ.

ಭೂತಗನ್ನಡಿ ಹಿಡಿದು ಗೆರೆ ನೋಡುವುದು

10 ಪಟ್ಟು ದೊಡ್ಡದು ಮಾಡುವ, ಅಕ್ಕಸಾಲಿಗರು ಬಳಸುವ ಪುಟ್ಟ ಭೂತಗನ್ನಡಿಯೊಂದು ಸಾಕು. ಹಗಲು ಬೆಳಕಿನಲ್ಲಿ, ಕಿಟಕಿಯ ಪಕ್ಕ ಕೂತು ನೋಡಿ.

ಮೊದಲು ಮಾತಿನ ಗುಳ್ಳೆಯೊಳಗಿನ ಅಕ್ಷರ. ಅಕ್ಷರ ಇಡಿಯಾಗಿ ಒಂದೇ ಕಪ್ಪಾಗಿದ್ದು ಅಂಚು ಕತ್ತರಿಸಿದಂತಿದ್ದರೆ, ಕಪ್ಪು ಗೆರೆಯನ್ನು ಬೇರೆಯಾಗಿ ಹೊಂದಿಸಿ ಬಣ್ಣವನ್ನು ಹೊಸದಾಗಿ ತುಂಬಿದ್ದಾರೆ ಎಂದರ್ಥ. ಅಕ್ಷರದೊಳಗೇ ನಾಲ್ಕು ಬಣ್ಣದ ಚುಕ್ಕಿಗಳು ಹೂವಿನ ಎಸಳಿನಂತೆ ಕಂಡು, ಅಂಚು ಮಂಜು ಮಂಜಾಗಿದ್ದರೆ ಹಳೆಯ ಅಚ್ಚಾದ ಪ್ರತಿಯನ್ನೇ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಎರಡನೆಯದು ತಪ್ಪೇನಲ್ಲ. ಟಾಷೆನ್ ಪ್ರಕಾಶನ 2021ರಲ್ಲಿ ಶುರು ಮಾಡಿದ ಮಾರ್ವೆಲ್ ಮಾಲೆಯಲ್ಲಿ ಚೆನ್ನಾಗಿ ಉಳಿದ ಹಳೆಯ ಪ್ರತಿಗಳನ್ನೇ ಫೋಟೋ ತೆಗೆದು, ಚುಕ್ಕಿಗಳನ್ನು ಉಳಿಸಿಕೊಂಡೇ ಸುಮಾರು 28 × 39.5 ಸೆಂ.ಮೀ. ಅಳತೆಯ ದೊಡ್ಡ ಪುಟಕ್ಕೆ ತಂದರು. ಅದಕ್ಕೆಂದೇ ಕಾಗದವನ್ನೂ ಮಾಡಿಸಿದರು. ಕೆಡುವುದು ಸ್ಕ್ಯಾನ್ ಮಾಡಿದ್ದನ್ನು ಅರೆಮನಸ್ಸಿನಿಂದ ಮಾಡಿದಾಗ. ಹಳೆಯ ಚುಕ್ಕಿಯ ಮೇಲೆ ಹೊಸ ಮುದ್ರಣದ ಚುಕ್ಕಿ ಕೂತು, ಆಕಾಶದ ನೀಲಿಯಲ್ಲಿ ರೇಷ್ಮೆ ಬಟ್ಟೆಯ ಮಡಿಕೆಯಂಥ ಅಲೆಗಳು ಏಳುತ್ತವೆ. ಆ ಅಲೆ ಕಂಡರೆ ಪುಸ್ತಕ ಕೆಳಗಿಡಿ.

ಆಮೇಲೆ ಸ್ಪೈಡರ್‌ಮ್ಯಾನ್ ಮುಖವಾಡ. ಸ್ಟೀವ್ ಡಿಟ್ಕೊ ಬಿಡಿಸಿದ ಪುಟವೊಂದರಲ್ಲಿ ಕಣ್ಣಿನ ಸುತ್ತ ಬಲೆಯ ಗೆರೆಗಳು ಒತ್ತಾಗಿ ಸೇರುವ ಜಾಗಕ್ಕೆ ಗಾಜು ಹಿಡಿಯಿರಿ. ಮೂಲಕ್ಕೆ ಹತ್ತಿರದ ಫಿಲ್ಮ್‌ನಿಂದ (ಚಿತ್ರಹಾಳೆಯ ಫೋಟೋ ತೆಗೆದು ಅಚ್ಚಿಗೆಂದು ಮಾಡಿದ್ದು) ಬಂದದ್ದಾದರೆ ಗೆರೆ ಗೆರೆಯ ನಡುವೆ ಕೆಂಪು ಉಸಿರಾಡುತ್ತದೆ. ಪ್ರತಿಯ ಪ್ರತಿಯ ಪ್ರತಿಯಾದರೆ ಆ ಮೂಲೆ ಕಪ್ಪು ಮುದ್ದೆ. ಇದರ ಉಲ್ಟಾ ದೋಷವೂ ಉಂಟು: ಹಗುರವಾಗಿ ಎಕ್ಸ್‌ಪೋಸ್ ಆದ ಫಿಲ್ಮ್‌ನಲ್ಲಿ ಸಣ್ಣ ಗೆರೆ ತುಂಡಾಗಿ, ಇರುವೆ ಸಾಲಿನಂತೆ ಚುಕ್ಕಿಚುಕ್ಕಿಯಾಗಿರುತ್ತದೆ. ಜ್ಯಾಕ್ ಕರ್ಬಿಯ ಪುಟಗಳಲ್ಲಿ ಶಕ್ತಿ ಸಿಡಿಯುವ ಕಡೆಯ ಕರಿ ಗುಂಡುಗಳನ್ನು ನೋಡಿ. ಒಂದಕ್ಕೊಂದು ಅಂಟಿಕೊಂಡು ಒಂದೇ ಮೋಡವಾಗಿದ್ದರೆ ಅದೂ ಅದೇ ಕಾಯಿಲೆ.

ಒಂದೇ ಸಂಪುಟದಲ್ಲಿ ಹತ್ತು ಸಂಚಿಕೆ ಚೊಕ್ಕಟವಾಗಿದ್ದು ಹನ್ನೊಂದನೆಯದು ಮಂಕಾಗಿರುವುದು ಮಾಮೂಲು. ಪ್ರಕಾಶಕರ ಬಳಿ ಎಲ್ಲ ಸಂಚಿಕೆಗಳ ಫಿಲ್ಮ್ ಉಳಿದಿರಲಿಲ್ಲ. ಇಲ್ಲದ ಕಡೆ ಹಳೆಯ ಪ್ರತಿಯಿಂದ ಬಣ್ಣವನ್ನು ರಾಸಾಯನಿಕದಿಂದ ಬ್ಲೀಚ್ ಮಾಡಿ ಕಪ್ಪು ಗೆರೆ ಮಾತ್ರ ಉಳಿಸಿಕೊಳ್ಳುತ್ತಿದ್ದರು (ಗ್ರೆಗ್ ಥೀಕ್‌ಸ್ಟನ್ ಹೆಸರಿನಲ್ಲೇ ಈ ವಿಧಾನ ಪ್ರಸಿದ್ಧ), ಇಲ್ಲವೇ ಬೇರೆಯವರ ಕೈಯಿಂದ ಗೆರೆ ಮೇಲೆ ಗೆರೆ ಎಳೆಸುತ್ತಿದ್ದರು. ಎಳೆಸಿದ ಪುಟ ಬೇಗ ಗೊತ್ತಾಗುತ್ತದೆ: ದಪ್ಪ ಸಣ್ಣ ಆಗುತ್ತ ಹರಿಯಬೇಕಾದ ಕುಂಚದ ಗೆರೆ ತಂತಿಯಂತೆ ಒಂದೇ ಸಮ ಇರುತ್ತದೆ. ಅದಕ್ಕೇ ಒಂದು ಪುಟ ನೋಡಿ ಇಡೀ ಪುಸ್ತಕಕ್ಕೆ ಅಂಕ ಕೊಡಬೇಡಿ. ಮೊದಲು, ನಡು, ಕೊನೆ ಮೂರೂ ಕಡೆ ನೋಡಿ.

ಬಣ್ಣ

ಮೂಲದಲ್ಲಿ ಒಂದು ಜಾಗಕ್ಕೆ ಒಂದೇ ಬಣ್ಣ, ಸಮತಟ್ಟು. ಕೆನ್ನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಯವಾಗಿ ಕಪ್ಪೇರುತ್ತ ಹೋದರೆ ಅದು ಕಂಪ್ಯೂಟರಿನ ಕೈ. ಕೆಲವು ಕಡೆ ಕಲಾವಿದರೇ ಇದನ್ನು ಬಯಸಿ ಮಾಡಿದ್ದಾರೆ. 1988ರ ‘ಬ್ಯಾಟ್‌ಮ್ಯಾನ್: ದಿ ಕಿಲ್ಲಿಂಗ್ ಜೋಕ್’ಗೆ ಜಾನ್ ಹಿಗ್ಗಿನ್ಸ್ ಕೊಟ್ಟ ಬಣ್ಣವನ್ನು ಚಿತ್ರಕಾರ ಬ್ರಯಾನ್ ಬೋಲಂಡ್ 2008ರ ಆವೃತ್ತಿಗೆ ತಾವೇ ಪೂರಾ ಬದಲಿಸಿದರು. ಚಿತ್ರಕಾರ ನೀಲ್ ಆ್ಯಡಮ್ಸ್ ತಮ್ಮ ಬ್ಯಾಟ್‌ಮ್ಯಾನ್ ಕಥೆಗಳ ಸಂಪುಟಗಳಲ್ಲಿ ಬಣ್ಣದ ಜೊತೆಗೆ ಕೆಲವೆಡೆ ಗೆರೆಯನ್ನೂ ತಿದ್ದಿದರು. ಇವು ಕಲಾವಿದರ ಎರಡನೆಯ ಅಭಿಪ್ರಾಯ. ಆ ಕಾಲದ ಓದುಗರ ಕೈಗೆ ಸಿಕ್ಕಿದ್ದು ಯಾವುದೋ ಅದೇ ಬೇಕೆಂದರೆ ಇವನ್ನು ಕೊಳ್ಳಬೇಡಿ, ಹಳೆಯ ಬಣ್ಣದ ಆವೃತ್ತಿ ಹುಡುಕಿ. ನಮ್ಮ ಒಲವು ಹಳೆಯದರ ಕಡೆಗೇ. ಸಮತಟ್ಟು ಬಣ್ಣಕ್ಕೆಂದೇ ಎಳೆದ ಗೆರೆ ನಯವಾದ ನೆರಳಿನ ಕೆಳಗೆ ಅನಾಥವಾಗುತ್ತದೆ.

ಬಣ್ಣ ಗೆರೆಯಿಂದ ಆಚೆ ಸರಿದಿದೆಯೇ ಎಂಬುದನ್ನೂ ನೋಡಿ. ತುಟಿಯ ಕೆಂಪು ಕೆನ್ನೆಗೆ ಹೋಗಿದ್ದರೆ ಹೊಸ ಮುದ್ರಣದಲ್ಲಿ ರಿಜಿಸ್ಟ್ರೇಷನ್, ಅಂದರೆ ಶಾಯಿಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು, ತಪ್ಪಿರಬಹುದು. ಹಳೆಯ ಪ್ರತಿಯ ಸ್ಕ್ಯಾನ್ ಆಗಿದ್ದರೆ ಆ ತಪ್ಪು ಮೂಲದ್ದೇ, ಅದಕ್ಕೆ ಪುಸ್ತಕ ವಾಪಸ್ ಮಾಡುವುದು ಬೇಡ.

ಯಾವ ಮಾಲೆಯಲ್ಲಿ ಏನು ಸಿಗುತ್ತದೆ

ಮಾರ್ವೆಲ್ ಮಾಸ್ಟರ್‌ವರ್ಕ್ಸ್ 1987ರಲ್ಲಿ, ಬ್ಯಾಟ್‌ಮ್ಯಾನ್ ಪ್ರಕಾಶಕರಾದ ಡಿಸಿಯ ಆರ್ಕೈವ್ ಎಡಿಷನ್ಸ್ 1989ರಲ್ಲಿ ಶುರುವಾದವು. ಎರಡೂ ರಟ್ಟಿನ ಹೊದಿಕೆಯವು, ಬಣ್ಣದವು. ಮೊದಮೊದಲ ಅಚ್ಚುಗಳಲ್ಲಿ ಮೇಲೆ ಹೇಳಿದ ಕಿರುಚು ಬಣ್ಣ, ಎಳೆಸಿದ ಗೆರೆ ಹೆಚ್ಚು. ಅದೇ ಸಂಪುಟದ ನಂತರದ ಅಚ್ಚುಗಳಿಗೆ ಹಲವು ಕಡೆ ಹೊಸ ಸ್ಕ್ಯಾನ್, ಹೊಸ ಬಣ್ಣ ಸಿಕ್ಕಿದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಸಂಪುಟದ ಸಂಖ್ಯೆಯ ಜೊತೆಗೆ ಅಚ್ಚಿನ ವರ್ಷವನ್ನೂ ಕೇಳಿ, ಮೊದಲ ಪುಟಗಳ ಫೋಟೋ ತರಿಸಿಕೊಳ್ಳಿ.

1996ರಲ್ಲಿ ಬಂದ ಮಾರ್ವೆಲ್ ಎಸೆನ್ಷಿಯಲ್ಸ್, 2005ರ ಡಿಸಿ ಶೋಕೇಸ್ ಪ್ರೆಸೆಂಟ್ಸ್ ಎರಡೂ 500 ಪುಟದ ಆಸುಪಾಸು, ಕಪ್ಪು ಬಿಳುಪು, ನ್ಯೂಸ್‌ಪ್ರಿಂಟ್‌ನಂಥ ಕಾಗದ. ಗೆರೆ ಕಲಿಯುವವರಿಗೆ ಇವು ಒಳ್ಳೆಯ ಪಾಠ. ಬಣ್ಣ ನಂಬಿ ಬರೆದ ರಾತ್ರಿ ದೃಶ್ಯಗಳು ಮಾತ್ರ ಖಾಲಿ ಖಾಲಿ. ಕಾಗದ ಹಳದಿಯಾಗುವುದು ಖಂಡಿತ. ಮರದ ತಿರುಳಿನ ಲಿಗ್ನಿನ್ ಬೆಳಕಿಗೆ, ಗಾಳಿಗೆ ಒಡೆಯುವಾಗ ಆಗುವುದೇ ಹಾಗೆ.

ಮಾರ್ವೆಲ್ ಓಮ್ನಿಬಸ್ 2005ರಿಂದ ಇದೆ. ಪುಟದ ಅಳತೆ ಸುಮಾರು 7¼ × 11 ಇಂಚು, ಮೂಲಕ್ಕಿಂತ ಸ್ವಲ್ಪ ದೊಡ್ಡದು. ಎಪಿಕ್ ಕಲೆಕ್ಷನ್ (2013ರಿಂದ) ಪೇಪರ್‌ಬ್ಯಾಕ್, ಕೈಯಲ್ಲಿ ಹಿಡಿದು ಓದಬಹುದು. 2024ರಲ್ಲಿ ಡಿಸಿ ಫೈನೆಸ್ಟ್ ಎಂಬ ಇದೇ ಬಗೆಯ ಮಾಲೆ ಬಂತು. ಮೈಟಿ ಮಾರ್ವೆಲ್ ಮಾಸ್ಟರ್‌ವರ್ಕ್ಸ್ 6 × 9 ಇಂಚು, ಡಿಸಿ ಕಾಂಪ್ಯಾಕ್ಟ್ 5½ × 8½ ಇಂಚು. ಇವು ಅಗ್ಗ, ಮಕ್ಕಳ ಕೈಗೆ ಕೊಡಲು ಸರಿ. ಆದರೆ 1960ರ ದಶಕದ ಮಾತು ತುಂಬಿದ ಗುಳ್ಳೆಗಳು ಈ ಅಳತೆಯಲ್ಲಿ ಚಾಳೀಸು ಬಂದವರಿಗೆ ಕಷ್ಟ. ಮೂಲ ಚಿತ್ರಹಾಳೆಯನ್ನೇ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಬಿಳಿ ಶಾಯಿಯ ತಿದ್ದುಪಡಿ, ಪೆನ್ಸಿಲ್ ಗುರುತು ಸಮೇತ ಅದೇ ಅಳತೆಯಲ್ಲಿ ಕೊಡುವ ಆರ್ಟಿಸ್ಟ್ಸ್ ಎಡಿಷನ್‌ಗಳನ್ನು ಐಡಿಡಬ್ಲ್ಯು ಪ್ರಕಾಶನ 2010ರಲ್ಲಿ ಆರಂಭಿಸಿತು. ಚಿತ್ರ ಬಿಡಿಸುವವರು ಒಂದಾದರೂ ನೋಡಲೇಬೇಕು.

ಫ್ಯಾಂಟಮ್ ಬಗ್ಗೆ ಬೇರೆಯೇ ಹೇಳಬೇಕು. 1964ರಿಂದ 1990ರವರೆಗೆ ಬಂದ ಇಂದ್ರಜಾಲ್ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು, ಈ ಭಾಗದ ಹಳೆಯ ಟ್ರಂಕುಗಳಲ್ಲಿ ಈಗಲೂ ಸಿಗುತ್ತದೆ. ಅದು ದಿನಪತ್ರಿಕೆಯಲ್ಲಿ ದಿನವೂ ಬರುತ್ತಿದ್ದ ಚಿತ್ರಪಟ್ಟಿಗಳನ್ನು (ಸ್ಟ್ರಿಪ್) ಪುಸ್ತಕದ ಪುಟಕ್ಕೆ ಹೊಂದಿಸಲು ಚೌಕಟ್ಟು ಕತ್ತರಿಸಿ, ಹಿಗ್ಗಿಸಿ, ಬಣ್ಣ ಹಚ್ಚಿದ್ದು. ಲೀ ಫಾಕ್ 1936ರ ಫೆಬ್ರವರಿ 17ರಂದು ಆರಂಭಿಸಿದ ದಿನಪಟ್ಟಿ ಕಪ್ಪು ಬಿಳುಪಿನದು. ಹರ್ಮಿಸ್ ಪ್ರೆಸ್ಸಿನ ಸಂಪುಟಗಳಲ್ಲಿ ಅದು ಕಾಲಾನುಕ್ರಮದಲ್ಲಿ, ಪಟ್ಟಿಯ ರೂಪದಲ್ಲೇ ಸಿಗುತ್ತದೆ. ಯಾವುದೇ ದಿನಪಟ್ಟಿಯ ಮರುಮುದ್ರಣದಲ್ಲಿ ಕೇಳಬೇಕಾದ ಪ್ರಶ್ನೆ: ಪಟ್ಟಿಗಳನ್ನು ಪತ್ರಿಕೆಗಳಿಗೆ ಹಂಚುವ ಸಿಂಡಿಕೇಟಿನ ಪ್ರೂಫ್ ಹಾಳೆಯಿಂದ ತೆಗೆದದ್ದೋ, ಪತ್ರಿಕೆಯ ಕತ್ತರಿಕೆಯಿಂದಲೋ. ಪ್ರೂಫ್ ಆದರೆ ಕಾಡಿನ ಎಲೆ ಎಲೆಯೂ ಬಿಡಿಬಿಡಿ. ಕತ್ತರಿಕೆಯಾದರೆ ನೆರಳೆಲ್ಲ ಕಟ್ಟಿಕೊಂಡಿರುತ್ತದೆ.

ಹೊಲಿಗೆ ನೋಡುವುದು, ಹೊಸ ಪುಸ್ತಕ ಬಿಡಿಸುವುದು

ಪುಸ್ತಕವನ್ನು ಮೇಲಿನಿಂದ, ಬೆನ್ನಿನ ತುದಿಗೆ ನೋಡಿ. ಪ್ರೆಸ್ಸಿನವರು ಫಾರಂ ಎನ್ನುವ 16 ಅಥವಾ 32 ಪುಟಗಳ ಮಡಿಕೆಗಳು ಸಣ್ಣ ಸಣ್ಣ ದುಂಡು ಗುಡ್ಡಗಳಂತೆ ಸಾಲಾಗಿ ಕಂಡು, ಒಂದು ಫಾರಂನ ನಡುವಿನಲ್ಲಿ ದಾರ ಸಿಕ್ಕಿದರೆ ಹೊಲಿಗೆ ಇದೆ. ಹಾಳೆಗಳೆಲ್ಲ ನೇರ ಕತ್ತರಿಸಿ ಅಂಟಿಗೆ ಕೂತಿದ್ದರೆ ಪರ್ಫೆಕ್ಟ್ ಬೈಂಡಿಂಗ್. 150 ಪುಟಕ್ಕೆ ಅದು ನಡೆಯುತ್ತದೆ. 800 ಪುಟಕ್ಕೆ ಅಂಟು ಹಾಕಿದರೆ ಪುಟದ ಒಳ ಅಂಚು ಬೆನ್ನಿನೊಳಗೆ ಮುಳುಗುತ್ತದೆ, ಎರಡು ಪುಟಕ್ಕೆ ಹರಡಿದ ಚಿತ್ರದ ನಡುವೆ ನಿಂತ ಪಾತ್ರ ಅರ್ಧ ಕಾಣೆ. ಓದಲೆಂದು ಒತ್ತಿ ಬಿಡಿಸಿದರೆ ಹಾಳೆ ಕಳಚುತ್ತದೆ. ಕೊಡಗಿನಲ್ಲಿ ಇನ್ನೊಂದು ತೊಂದರೆ ಸೇರುತ್ತದೆ: ಮಳೆಗಾಲದಲ್ಲಿ ಕಾಗದ ಉಬ್ಬಿ ಬೇಸಗೆಯಲ್ಲಿ ಕುಗ್ಗುವಾಗ ಅಂಟು ಅದರ ಜೊತೆ ಹಿಗ್ಗುವುದಿಲ್ಲ. ನಾಲ್ಕೈದು ಮಳೆಗಾಲ ಕಳೆದ ಮೇಲೆ ಬೆನ್ನು ಬಿರಿಯುವ ಸಾಧ್ಯತೆ ಹೆಚ್ಚು. ದಪ್ಪ ಪುಸ್ತಕ ಕೊಳ್ಳುವುದಾದರೆ ಹೊಲಿದದ್ದನ್ನೇ ಕೊಳ್ಳಿ.

ಹೊಸ ಓಮ್ನಿಬಸ್ಸನ್ನು ನಡುವಿಗೆ ತೆರೆದು ಅಗಲಿಸಬೇಡಿ. ಬೆನ್ನು ಕೆಳಗಾಗಿ ಮೇಜಿನ ಮೇಲೆ ನಿಲ್ಲಿಸಿ. ಎರಡೂ ರಟ್ಟುಗಳನ್ನು ಮೆಲ್ಲಗೆ ಮಲಗಿಸಿ, ಹಾಳೆಗಳ ಕಟ್ಟು ನೆಟ್ಟಗೆ ಕೈಯಲ್ಲಿರಲಿ. ಮುಂದಿನಿಂದ ಇಪ್ಪತ್ತು ಹಾಳೆ ಮಲಗಿಸಿ ಬೆನ್ನಿನ ಹತ್ತಿರ ಹೆಬ್ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಸವರಿ, ಆಮೇಲೆ ಹಿಂದಿನಿಂದ ಇಪ್ಪತ್ತು. ಹೀಗೆ ಆಚೆ ಈಚೆ ಮಾಡುತ್ತ ನಡುವಿಗೆ ಬನ್ನಿ. ಐದು ನಿಮಿಷದ ಕೆಲಸ, ಬೆನ್ನು ವರ್ಷಗಟ್ಟಲೆ ನೇರ ಉಳಿಯುತ್ತದೆ.

ಫಾರಂ ತಪ್ಪಿದೆಯೇ ಎಂದೂ ಆಗಲೇ ನೋಡಿಕೊಳ್ಳಿ. ಬೈಂಡಿಂಗಿನಲ್ಲಿ ಒಂದು ಫಾರಂ ಎರಡು ಸಲ ಬಂದು ಇನ್ನೊಂದು ಬಿಟ್ಟುಹೋಗುವುದುಂಟು. ಹಲವು ಓಮ್ನಿಬಸ್‌ಗಳಲ್ಲಿ ಪುಸ್ತಕದ ಪುಟಸಂಖ್ಯೆಯೇ ಇರುವುದಿಲ್ಲ. ಮೂಲ ಕಥೆಯ ಪುಟದ ಮೂಲೆಯಲ್ಲಿ ಕಲಾವಿದರು ಬರೆದ 1, 2, 3 ಎಂಬ ಸಣ್ಣ ಅಂಕೆಗಳನ್ನೇ ಹಿಡಿದು ಸಾಗಿ. ವಾಪಸ್ ಮಾಡುವ ಗಡುವು ಮುಗಿಯುವುದರೊಳಗೆ ಇದು ಮುಗಿಯಬೇಕು.

ಕಾಗದ ಮತ್ತು ಮಳೆ

ಆರ್ಟ್ ಪೇಪರ್ ಹೊಳೆಯುವುದು ಅದರ ಮೇಲಿನ ಜೇಡಿ ಅಥವಾ ಸುಣ್ಣದ ಪುಡಿಯ ಲೇಪದಿಂದ. ಆ ಲೇಪವನ್ನು ಹಿಡಿದಿಡುವ ಅಂಟು ನೆನೆದರೆ ಕರಗುತ್ತದೆ. ಒತ್ತಿಕೊಂಡಿರುವ ಎರಡು ಪುಟಗಳ ಲೇಪ ಒಂದಾಗಿ, ಒಣಗಿದ ಮೇಲೆ ಇಟ್ಟಿಗೆ. ಬಿಡಿಸಲು ಹೋದರೆ ಚಿತ್ರ ಒಂದು ಕಡೆ, ಬಿಳಿ ಕಾಗದ ಇನ್ನೊಂದು ಕಡೆ. ಲೇಪವಿಲ್ಲದ ಮ್ಯಾಪ್‌ಲಿಥೋ ಬಗೆಯ ಕಾಗದ ತೇವಕ್ಕೆ ಸುಕ್ಕಾಗುತ್ತದೆ, ಉಬ್ಬುತ್ತದೆ, ಆದರೆ ಹೀಗೆ ಅಂಟಿಕೊಳ್ಳುವುದಿಲ್ಲ. ಭಾಗಮಂಡಲ, ನಾಪೋಕ್ಲು ಕಡೆಯ ಹಳೆಯ ಮನೆಯಲ್ಲಿದ್ದು, ಎರಡರ ನಡುವೆ ಆಯ್ಕೆಯಿದ್ದರೆ ಮಂದ ಕಾಗದದ ಆವೃತ್ತಿಗೆ ಹೋಗಿ. ಮೇಲೆ ಹೇಳಿದ ಬಣ್ಣದ ಲೆಕ್ಕಕ್ಕೂ ಅದೇ ಹೆಚ್ಚು ಹೊಂದುತ್ತದೆ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಇಷ್ಟು ಬಿಗಿ ಬೇಡ.

ಗಾಳಿಯ ತೇವ ಶೇ 65–70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಏಳುತ್ತದೆ. ಬೇಕಾದದ್ದು ಶೇ 45ರಿಂದ 55. ಕಾಫಿಯನ್ನು ಮೀಟರ್ ಇಟ್ಟು ತೇವ ನೋಡದೆ ಮೂಟೆ ಕಟ್ಟದ ಊರಿನಲ್ಲಿ ಪುಸ್ತಕಕ್ಕೂ ಒಂದು ಮೀಟರ್ ಇರಲಿ. ಚಿಕ್ಕ ಡಿಜಿಟಲ್ ಹೈಗ್ರೊಮೀಟರ್ ಸಾಕು, ಆದರೆ ಅದನ್ನು ಮೊದಲು ಪರೀಕ್ಷಿಸಿ: ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ನೀರು ಚಿಮುಕಿಸಿ, ಮೀಟರಿನ ಜೊತೆ ಜಿಪ್ ಕವರಿನಲ್ಲಿ ಗಾಳಿಯಾಡದಂತೆ ಮುಚ್ಚಿ 12 ಗಂಟೆ ಬಿಡಿ. ಒಳಗೆ ಶೇ 75 ಇರುತ್ತದೆ. ಮೀಟರ್ 80 ತೋರಿಸಿದರೆ ಅದು 5 ಹೆಚ್ಚು ಹೇಳುತ್ತಿದೆ, ಮುಂದೆ ಅಷ್ಟು ಕಳೆದುಕೊಳ್ಳಿ.

ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಕರೆಂಟು ನಂಬಿ ತೇವ ತೆಗೆಯುವ ಯಂತ್ರ, ಡಿಹ್ಯೂಮಿಡಿಫೈಯರ್, ಇಡುವುದು ಕಷ್ಟ. ಗಾಳಿಯಾಡದ, ರಬ್ಬರ್ ಅಂಚಿನ ಪ್ಲಾಸ್ಟಿಕ್ ಪೆಟ್ಟಿಗೆ ಮತ್ತು ತೇವ ಹೀರುವ ಸಿಲಿಕಾ ಜೆಲ್ ಹರಳು ಹೆಚ್ಚು ಗಟ್ಟಿ. 40 ಲೀಟರಿನ ಪೆಟ್ಟಿಗೆಗೆ ಅರ್ಧ ಕಿಲೋ ಜೆಲ್, ಬಟ್ಟೆ ಚೀಲದಲ್ಲಿ. ಕಿತ್ತಳೆಯಿಂದ ಹಸಿರಾಗುವ ಬಗೆ ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಹಸಿರಾದ ಮೇಲೆ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿ, ಮತ್ತೆ ಕಿತ್ತಳೆಯಾದಾಗ ಮುಚ್ಚಿದ ಡಬ್ಬಿಯಲ್ಲಿ ತಣಿಸಿ ವಾಪಸ್ ಇಡಿ.

ಹೆಚ್ಚಿನವರು ತಪ್ಪುವುದು ಸಮಯದಲ್ಲಿ. ಜುಲೈನಲ್ಲಿ ಬೂಷ್ಟಿನ ವಾಸನೆ ಬಂದ ಮೇಲೆ ಪೆಟ್ಟಿಗೆಗೆ ಹಾಕುತ್ತಾರೆ. ಲೆಕ್ಕ ಹಾಕಿ ನೋಡಿ: 10 ಕಿಲೋ ಪುಸ್ತಕದ ತೇವ ಶೇ 9ರಿಂದ 6ಕ್ಕೆ ಇಳಿಯಬೇಕಾದರೆ ಸುಮಾರು 300 ಗ್ರಾಂ ನೀರು ಹೊರಬರಬೇಕು. ಅರ್ಧ ಕಿಲೋ ಜೆಲ್ ನೂರು, ನೂರಿಪ್ಪತ್ತು ಗ್ರಾಂ ಹೀರುವಷ್ಟರಲ್ಲಿ ಸುಸ್ತು. ಜೆಲ್ ಇರುವುದು ಒಣಗಿದ್ದನ್ನು ಒಣಗಿದ್ದಾಗಿಯೇ ಇಡಲು. ಹೂಮಳೆ ಬಂದುಹೋದ ಮೇಲೆ, ಮೇ ಎರಡನೇ ವಾರದೊಳಗೆ, ಬಿಸಿಲಿರುವ ಮಧ್ಯಾಹ್ನ ಮೀಟರ್ 55ಕ್ಕಿಂತ ಕೆಳಗಿದ್ದಾಗ ಮುಚ್ಚಿ. ತುಲಾ ಸಂಕ್ರಮಣ ಕಳೆದು ಗಾಳಿ ಒಣಗಿದ ಮೇಲೆ ತೆರೆಯಿರಿ.

ಕಪಾಟಿನಲ್ಲೇ ಇಡುವವರು ಮಳೆ ಹೊಡೆಯುವ ಗೋಡೆಗೆ ಕಪಾಟು ತಾಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಕಪಾಟಿನ ತಳದಲ್ಲಿ ಸಣ್ಣ ಬಲ್ಬ್ ಉರಿಸುವ ಹಳೆಯ ಪದ್ಧತಿಗೆ ಅರ್ಥವಿದೆ: 20 ಡಿಗ್ರಿಯಲ್ಲಿ ಶೇ 90 ತೇವವಿರುವ ಗಾಳಿ 5 ಡಿಗ್ರಿ ಬಿಸಿಯಾದರೆ ಶೇ 66ರ ಸುಮಾರಿಗೆ ಇಳಿಯುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಅಷ್ಟು ಶಾಖ ಬರುವುದಿಲ್ಲ. ಹಳೆಯ ತಂತಿಯ ಬಲ್ಬ್ ಆದರೆ ಕಾಗದದಿಂದ ಒಂದು ಅಡಿ ದೂರ, ಸುತ್ತ ಜಾಲರಿ ಇರಲೇಬೇಕು. ಕರೆಂಟು ಹೋದ ರಾತ್ರಿ ತೇವ ಮತ್ತೆ ಏರುತ್ತದೆ ಎಂಬುದು ನೆನಪಿರಲಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಹೊಗೆ ಮಾತ್ರ ಬಿಳಿ ಅಂಚನ್ನು ಕಂದು ಮಾಡುತ್ತದೆ. ಕಾಫಿ, ಮೆಣಸಿನ ಗೋಡೌನ್‌ನ ವಾಸನೆ ಕಾಗದಕ್ಕೆ ಹಿಡಿದರೆ ಬಿಡುವುದಿಲ್ಲ.

ಮೂರು ಕಿಲೋ ತೂಗುವ ಓಮ್ನಿಬಸ್ ವಾಲಿಕೊಂಡು ನಿಂತರೆ ಹಾಳೆಯ ಕಟ್ಟು ರಟ್ಟಿನಿಂದ ಜೋತುಬೀಳುತ್ತದೆ. ನೇರವಾಗಿ ನಿಲ್ಲಿಸಿ, ರಟ್ಟು ಹಾಳೆಗಿಂತ ಕೆಳಗೆ ಚಾಚಿರುವಷ್ಟೇ ದಪ್ಪದ, ಸುಮಾರು 3 ಮಿ.ಮೀ.ನ ಕಾರ್ಡ್‌ಬೋರ್ಡ್ ತುಂಡನ್ನು ಹಾಳೆಗಳ ಅಡಿಗೆ ಸೇರಿಸಿ. ಮಲಗಿಸುವುದಾದರೆ ಒಂದರ ಮೇಲೊಂದು ಮೂರಕ್ಕಿಂತ ಹೆಚ್ಚು ಬೇಡ.

ಬೂಷ್ಟು ಬಂದರೆ, ನೆನೆದರೆ

ಬೂಷ್ಟು ಹಸಿಯಾಗಿದ್ದಾಗ ಒರೆಸಿದರೆ ಕಾಗದದೊಳಗೆ ತಿಕ್ಕಿದಂತೆ. ಪುಸ್ತಕವನ್ನು ಬೇರೆ ಕೋಣೆಗೆ ಒಯ್ದು, ಫ್ಯಾನಿನ ಗಾಳಿ ನೇರ ಬಡಿಯದಂತೆ ನೆರಳಲ್ಲಿ ತೆರೆದಿಟ್ಟು ಒಣಗಿಸಿ. ಪುಡಿಯಾದ ಮೇಲೆ ಮನೆಯ ಹೊರಗೆ, ಎನ್95 ಮಾಸ್ಕ್ ಹಾಕಿಕೊಂಡು, ಮೃದು ಬ್ರಷ್ಷಿನಿಂದ ಬೆನ್ನಿನಿಂದ ಹೊರ ಅಂಚಿನ ಕಡೆಗೆ ಗುಡಿಸಿ. ಬಿಸಿಲಿಗೆ ಹಾಕಬೇಡಿ, ಮಜೆಂಟಾ, ಹಳದಿ ಮೊದಲು ಮಾಸುತ್ತವೆ, ರಟ್ಟು ಬಿಲ್ಲಾಗುತ್ತದೆ. ನುಸಿಗುಳಿಗೆಯಿಂದ ಬೂಷ್ಟು ನಿಲ್ಲುವುದಿಲ್ಲ.

ಪಾರ್ಸೆಲ್ ನೆನೆದೇ ಬಂದರೆ, ಆರ್ಟ್ ಪೇಪರಿನ ಪುಸ್ತಕಕ್ಕೆ ಸಿಗುವುದು ಕೆಲವೇ ಗಂಟೆ. ಮೊದಲು ಫೋಟೋ, ವಿಡಿಯೋ ತೆಗೆದುಕೊಳ್ಳಿ. ಒದ್ದೆ ಇರುವಾಗಲೇ ನೆನೆದ ಪುಟಗಳನ್ನು ಒಂದೊಂದಾಗಿ ಬಿಡಿಸಿ, ನಡುನಡುವೆ ಬೇಕಿಂಗಿಗೆ ಬಳಸುವ ಅಂಟದ ಬಟರ್ ಪೇಪರ್ ಸೇರಿಸಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿ. ರಾತ್ರಿಯಾಗಿದೆ, ಇನ್ನೂರು ಪುಟ ನೆನೆದಿದೆ, ಕೈ ಸಾಲದು ಎಂದಾದರೆ ಒತ್ತದೆ, ಹಿಂಡದೆ ಇಡೀ ಪುಸ್ತಕವನ್ನು ಜಿಪ್ ಕವರಿಗೆ ಹಾಕಿ ಫ್ರೀಜರಿನಲ್ಲಿಡಿ. ಹೆಪ್ಪುಗಟ್ಟಿದ ಕಾಗದ ಅಂಟಿಕೊಳ್ಳುವುದಿಲ್ಲ, ಬೂಷ್ಟೂ ಬೆಳೆಯುವುದಿಲ್ಲ. ಬಿಡುವಾದ ದಿನ ಹೊರತೆಗೆದು, ಅಂಚಿನಿಂದ ಕರಗುತ್ತ ಬಂದಂತೆ ಹತ್ತು ಹದಿನೈದು ಹಾಳೆ ಬಿಡಿಸಿ ಬಟರ್ ಪೇಪರ್ ಹಾಕಿ, ಉಳಿದದ್ದನ್ನು ಮತ್ತೆ ಫ್ರೀಜರಿಗೆ ಕಳಿಸಿ. ನಾಲ್ಕೈದು ಸುತ್ತಿನಲ್ಲಿ ಇಡೀ ಸಂಪುಟ ಮುಗಿಯುತ್ತದೆ. ಪುಟಗಳು ಸ್ವಲ್ಪ ಅಲೆಯಲೆಯಾಗಿ ಉಳಿಯುತ್ತವೆ, ಓದಲು ಅಡ್ಡಿಯಿಲ್ಲ.